ಎಂಟನೆಯ ಅಂಶ: ಕುಸುಮ ರೋಗ, ಅದರ ಔಷಧ ಮತ್ತು ಎರಡು ಗಂಟೆಯ ದಾರಿ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಕೆಲವು ವರ್ಷಗಳ ಹಿಂದಿನ ಮಾತು. ಯಲಹಂಕಕ್ಕೆ ಉತ್ತರದಲ್ಲಿರುವ ಗ್ರಾಮ ಪಂಚಾಯಿತಿಯೊಂದರಲ್ಲಿ ನಾನು ಅಭಿವೃದ್ಧಿ ಅಧಿಕಾರಿಯಾಗಿದ್ದೆ. ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡುತ್ತಿದ್ದ ತಾಯಿಯೊಬ್ಬರು ಹನ್ನೊಂದು ವರ್ಷದ ಮಗನೊಂದಿಗೆ ಕಚೇರಿಗೆ ಬಂದು, ಅವನ ಹೆಸರನ್ನು ವಿಕಲಚೇತನರ ಪಟ್ಟಿಗೆ ಸೇರಿಸಬೇಕೆಂದು ಅರ್ಜಿ ಕೊಟ್ಟರು. ಬಾಲಕನು ಮೆಟ್ಟಿಲು ಹತ್ತಿಕೊಂಡೇ ಬಂದಿದ್ದನು. ಕೈಕಾಲು ಸರಿಯಾಗಿದ್ದವು, ಕಣ್ಣು ಕಿವಿ ಚುರುಕಾಗಿದ್ದವು. ಅರ್ಜಿಯ ಮೇಲೆ ನಾನು "ಮೇಲ್ನೋಟಕ್ಕೆ ಯಾವುದೇ ಅಂಗವೈಕಲ್ಯ ಕಂಡುಬಂದಿರುವುದಿಲ್ಲ" ಎಂದು ಷರಾ ಬರೆದೆನು. ಆ ತಾಯಿ ಹೇಳಿದ ಮಾತು ಈಗಲೂ ನೆನಪಿದೆ: "ಸಾರ್, ಇವತ್ತು ನಡೀತಾನೆ. ನಾಳೆ ಬೆಳಿಗ್ಗೆ ಎದ್ರೆ ನಡೀತಾನೋ ಇಲ್ವೋ, ಅದು ನಂಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ."

ಮೂರು ವಾರದ ಬಳಿಕ ಒಂದು ರಾತ್ರಿ ಬಾಲಕನ ಬಲ ಮೊಣಕಾಲು ಊದಿಕೊಂಡಿತು. ಬಿದ್ದದ್ದೂ ಇಲ್ಲ, ಪೆಟ್ಟಾದದ್ದೂ ಇಲ್ಲ. ಮೊದಲ ದಿನ ಎಣ್ಣೆ ಹಚ್ಚಿ ನೀವಲಾಯಿತು. ಎರಡನೆಯ ದಿನ ಮೂಳೆ ಕಟ್ಟುವವರೊಬ್ಬರ ಬಳಿ ಕಟ್ಟು ಹಾಕಿಸಲಾಯಿತು. ಮೂರನೆಯ ದಿನ ಆಸ್ಪತ್ರೆಗೆ ಹೋದಾಗ ಅಲ್ಲಿ ಬೇಕಾದ ಔಷಧ ಇರಲಿಲ್ಲ. ಅದು ದೊರೆತದ್ದು ನಾಲ್ಕನೆಯ ದಿನ, ಇನ್ನೊಂದು ಆಸ್ಪತ್ರೆಯಲ್ಲಿ. ಆ ಮೊಣಕಾಲು ಈಗ ಪೂರ್ತಿಯಾಗಿ ಚಾಚುವುದಿಲ್ಲ. ನನ್ನ ಷರಾದಿಂದ ರಕ್ತಸ್ರಾವವಾಯಿತೆಂದು ಹೇಳಲಾಗದು. ಆದರೆ ಹೆಸರು ಪಟ್ಟಿಯಲ್ಲಿದ್ದಿದ್ದರೆ, ಆ ರಾತ್ರಿ ಯಾರಿಗೆ ದೂರವಾಣಿ ಮಾಡಬೇಕು, ಯಾವ ಆಸ್ಪತ್ರೆಗೆ ಹೋಗಬೇಕು ಎಂಬುದು ಪಂಚಾಯಿತಿಯಲ್ಲಿ ಒಬ್ಬರಿಗಾದರೂ ಗೊತ್ತಿರುತ್ತಿತ್ತು. ನಾನು ಇಂಜಿನಿಯರಿಂಗ್ ಓದಿದವನು, ವೈದ್ಯನಲ್ಲ. ಆ ಘಟನೆಯ ತರುವಾಯ ಓದಿ, ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ನಮ್ಮ ಕೆಲಸಕ್ಕೆ ಒದಗುವಷ್ಟರ ಮಟ್ಟಿಗೆ ಮಾನ್ಯ ಸದಸ್ಯರ ಮುಂದೆ ಇಡುತ್ತಿದ್ದೇನೆ.

ಏರಿ ಒಡೆದಾಗ ನಡೆಯುವ ಕೆಲಸ

ಬಾಲಕನಿಗಿದ್ದ ಕಾಯಿಲೆ ಹಿಮೋಫಿಲಿಯಾ. ಕನ್ನಡದಲ್ಲಿ ಇದನ್ನು ಕುಸುಮ ರೋಗವೆನ್ನುತ್ತಾರೆ. ಹೆಸರು ಹೂವಿನದಾದರೂ ನೋವು ಹೂವಿನದಲ್ಲ.

ಕೆರೆಯ ಏರಿ ಬಿರಿದು ನೀರು ನುಗ್ಗತೊಡಗಿದಾಗ ನಾವು ಏನು ಮಾಡುತ್ತೇವೆ? ಮೊದಲು ಮರಳಿನ ಚೀಲಗಳನ್ನು ತಂದು ಒಡ್ಡುತ್ತೇವೆ. ನೀರು ತುಸು ನಿಲ್ಲುತ್ತದೆ. ಆದರೆ ಚೀಲಗಳ ಮೇಲೆ ಭರವಸೆಯಿಟ್ಟು ಮನೆಗೆ ಹೋಗಿ ಮಲಗುವವರಿಲ್ಲ. ಜೇಡಿ ಮಣ್ಣು ಹಾಕಿ, ಗುದ್ದಿ, ಕಲ್ಲು ಕಟ್ಟಿದ ಮೇಲೆಯೇ ಏರಿ ನಿಲ್ಲುವುದು. ರಕ್ತನಾಳಕ್ಕೆ ಗಾಯವಾದಾಗಲೂ ಕೆಲಸ ಎರಡು ಹಂತದಲ್ಲಿ ಸಾಗುತ್ತದೆ. ಡೆಂಗಿ ಜ್ವರದ ದಿನಗಳಲ್ಲಿ ನಾವೆಲ್ಲರೂ ಹೆಸರು ಕೇಳಿರುವ ಪ್ಲೇಟ್‌ಲೆಟ್‌ಗಳು ಧಾವಿಸಿ ಬಂದು ಗಾಯದ ಬಾಯಿಗೆ ಒಡ್ಡಿಕೊಳ್ಳುತ್ತವೆ. ಅವೇ ಮರಳಿನ ಚೀಲ. ಅವುಗಳ ಮೇಲೆ ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳು ಬಲೆಯಂತೆ ಹೆಣೆದುಕೊಂಡು ಹೆಪ್ಪನ್ನು ಗಟ್ಟಿಗೊಳಿಸುತ್ತವೆ. ಇದು ಮಣ್ಣು ಗುದ್ದಿ ಕಲ್ಲು ಕಟ್ಟುವ ಕೆಲಸ.

ಕುಸುಮ ರೋಗದಲ್ಲಿ ಮೊದಲ ಹಂತ ಸರಿಯಾಗಿಯೇ ನಡೆಯುತ್ತದೆ, ಕೆಡುವುದು ಎರಡನೆಯದು. ಆದುದರಿಂದ ಈ ಕಾಯಿಲೆಯವರಿಗೆ ಬೆರಳು ಕುಯ್ದರೆ ರಕ್ತವೆಲ್ಲ ಹರಿದು ಸಾವು ಬರುತ್ತದೆಂಬುದು ತಪ್ಪು ತಿಳಿವಳಿಕೆ. ರಕ್ತ ಇತರರಿಗಿಂತ ವೇಗವಾಗಿ ಹರಿಯುವುದಿಲ್ಲ, ಹೆಚ್ಚು ಹೊತ್ತು ಹರಿಯುತ್ತದೆ. ಸಣ್ಣ ಗೀರು ಒತ್ತಿ ಹಿಡಿದರೆ ನಿಲ್ಲುತ್ತದೆ. ಅಪಾಯವಿರುವುದು ಕಣ್ಣಿಗೆ ಕಾಣದ ಕಡೆ: ಮೊಣಕಾಲು, ಹರಡು, ಮೊಣಕೈಗಳ ಕೀಲಿನೊಳಗೆ, ದೊಡ್ಡ ಮಾಂಸಖಂಡಗಳೊಳಗೆ, ಹೊಟ್ಟೆಯಲ್ಲಿ, ತಲೆಯಲ್ಲಿ. ಹಲ್ಲು ಕಿತ್ತಾಗ ಆಗ ನಿಂತ ರಕ್ತ ರಾತ್ರಿ ಮತ್ತೆ ಒಸರತೊಡಗುವುದು ಇದರ ಸಾಮಾನ್ಯ ಲಕ್ಷಣ. ಚೀಲಗಳು ಜಾರಿದವು, ಹಿಂದೆ ಮಣ್ಣು ಬಿದ್ದಿರಲಿಲ್ಲ.

ಫೈಬ್ರಿನ್ ಬಲೆ ಹೆಣೆಯುವ ಮೊದಲು ರಕ್ತದಲ್ಲಿ ಒಂದರ ಹಿಂದೊಂದು ಪ್ರೋಟೀನುಗಳು ಎಚ್ಚರಗೊಳ್ಳಬೇಕು. ಇವನ್ನು ವೈದ್ಯರು ಫ್ಯಾಕ್ಟರ್ ಅಥವಾ ಅಂಶಗಳೆಂದು ಕರೆದು 1ರಿಂದ 13ರವರೆಗೆ ಸಂಖ್ಯೆ ಕೊಟ್ಟಿದ್ದಾರೆ. ಆರನೆಯ ಅಂಶವೆಂಬುದು ಈಗ ಪಟ್ಟಿಯಲ್ಲಿಲ್ಲ. ಹಿಂದೆ ಹಾಗೆ ಹೆಸರಿಸಿದ್ದು ಬೇರೆ ಪ್ರೋಟೀನಲ್ಲವೆಂದು ಬಳಿಕ ತಿಳಿದು ಆ ಸಂಖ್ಯೆಯನ್ನು ಖಾಲಿ ಬಿಟ್ಟರು. ನಮ್ಮ ಖಾತಾ ವಹಿಗಳಲ್ಲಿಯೂ ಇಂತಹ ಖಾಲಿ ಸಂಖ್ಯೆಗಳಿರುವುದರಿಂದ ನನಗೆ ಇದು ಆಶ್ಚರ್ಯವೆನಿಸಲಿಲ್ಲ. ಎಂಟನೆಯ ಅಂಶದ ಕೊರತೆಯಿದ್ದರೆ ಹಿಮೋಫಿಲಿಯಾ ಎ, ಒಂಬತ್ತನೆಯದರ ಕೊರತೆಯಿದ್ದರೆ ಹಿಮೋಫಿಲಿಯಾ ಬಿ. ಎ ವಿಧವೇ ಹೆಚ್ಚು. ಹುಟ್ಟುವ ಗಂಡು ಮಕ್ಕಳಲ್ಲಿ ಸುಮಾರು 5,000ಕ್ಕೆ ಒಬ್ಬರಿಗೆ ಇದು ಇರುತ್ತದೆ.

ಎಂಟನೆಯ ಅಂಶವು 2,332 ಅಮೈನೋ ಆಮ್ಲಗಳ ಉದ್ದನೆಯ ಸರಪಣಿ. ಹೆಚ್ಚಿನಂಶ ಯಕೃತ್ತಿನಲ್ಲಿ ತಯಾರಾಗಿ, ವಾನ್ ವಿಲ್ಲೆಬ್ರಾಂಡ್ ಎಂಬ ಇನ್ನೊಂದು ಪ್ರೋಟೀನಿನ ಆಸರೆ ಹಿಡಿದು ರಕ್ತದಲ್ಲಿ ಸಂಚರಿಸುತ್ತದೆ. ವಯಸ್ಕರೊಬ್ಬರ ಇಡೀ ರಕ್ತದಲ್ಲಿ ಇದರ ತೂಕ ಒಂದು ಮಿಲಿಗ್ರಾಂ ಕೂಡ ಇಲ್ಲ. ಆದರೂ ಇದಿಲ್ಲದೆ ಕೆಲಸ ನಿಲ್ಲುವುದೇಕೆ? ನಮ್ಮ ಕೊಳವೆ ಬಾವಿಯನ್ನು ನೆನೆಯಿರಿ. ಮೋಟಾರು ಚೆನ್ನಾಗಿದೆ, ವಿದ್ಯುತ್ ಇದೆ, ಪೈಪು ಇದೆ, ಬಾವಿಯಲ್ಲಿ ನೀರೂ ಇದೆ. ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಒಂದು ಸಣ್ಣ ಭಾಗ ಸುಟ್ಟಿದೆ. ಊರಿಗೆ ನೀರಿಲ್ಲ. ಒಂಬತ್ತನೆಯ ಅಂಶವು ಹತ್ತನೆಯದನ್ನು ಎಚ್ಚರಿಸಬೇಕಾದಾಗ ಎರಡನ್ನೂ ಸರಿಯಾದ ಜಾಗದಲ್ಲಿ ಕೂಡಿಸಿಕೊಡುವುದು ಎಂಟನೆಯ ಅಂಶ. ಅದರ ನೆರವಿದ್ದರೆ ಆ ಕ್ರಿಯೆಯ ವೇಗ ಲಕ್ಷ ಪಟ್ಟಿಗೂ ಹೆಚ್ಚುತ್ತದೆ. ಇಲ್ಲದಿದ್ದರೆ ಕ್ರಿಯೆ ನಡೆಯುತ್ತದೆ, ಆದರೆ ಉಪಯೋಗಕ್ಕೆ ಬಾರದಷ್ಟು ನಿಧಾನವಾಗಿ.

ರಕ್ತದಲ್ಲಿ ಈ ಅಂಶ ಎಷ್ಟಿದೆ ಎಂಬುದರ ಮೇಲೆ ರೋಗದ ತೀವ್ರತೆ ನಿಲ್ಲುತ್ತದೆ. ಸಾಮಾನ್ಯರಲ್ಲಿರುವುದರ ಶೇ. 1ಕ್ಕಿಂತ ಕಡಿಮೆಯಿದ್ದರೆ ತೀವ್ರ, ಶೇ. 1ರಿಂದ 5 ಇದ್ದರೆ ಮಧ್ಯಮ, ಅದಕ್ಕಿಂತ ಮೇಲೆ ಶೇ. 40ರೊಳಗೆ ಇದ್ದರೆ ಸೌಮ್ಯ. ತೀವ್ರವಿದ್ದವರಲ್ಲಿ ಯಾವ ಪೆಟ್ಟೂ ಇಲ್ಲದೆ ಕೀಲಿನೊಳಗೆ ರಕ್ತ ಸುರಿಯುತ್ತದೆ. ಆ ಬಾಲಕನು ಅಂಥವನು. ಒಂದೇ ಕೀಲಿನಲ್ಲಿ ಮತ್ತೆ ಮತ್ತೆ ರಕ್ತ ನಿಂತರೆ ಒಳಪೊರೆ ಊದಿ, ಮೃದ್ವಸ್ಥಿ ಸವೆದು, ಇಪ್ಪತ್ತು ವರ್ಷದವರಿಗೆ ಎಪ್ಪತ್ತು ವರ್ಷದವರ ಮೊಣಕಾಲು ಬರುತ್ತದೆ.

ಬಾಟಲಿಯೊಳಗಿನ ಪ್ರೋಟೀನು

ಇಲ್ಲದ ಅಂಶವನ್ನು ಹೊರಗಿನಿಂದ ನರಕ್ಕೆ ಕೊಡುವುದೇ ಚಿಕಿತ್ಸೆಯ ತಿರುಳು. ಹಿಂದೆ ರಕ್ತವನ್ನೋ ಪ್ಲಾಸ್ಮಾವನ್ನೋ ಕೊಡುತ್ತಿದ್ದರು. ಒಂದು ಮೊಣಕಾಲಿಗೆ ಬೇಕಾದಷ್ಟು ಎಂಟನೆಯ ಅಂಶ ಸಿಗಬೇಕಾದರೆ ಹೃದಯ ತಾಳಲಾರದಷ್ಟು ದ್ರವ ಹರಿಸಬೇಕಾಗುತ್ತಿತ್ತು. 1960ರ ದಶಕದ ಮಧ್ಯದಲ್ಲಿ ಅಮೆರಿಕದ ಜುಡಿತ್ ಪೂಲ್ ಎಂಬ ವಿಜ್ಞಾನಿ, ಹೆಪ್ಪುಗಟ್ಟಿಸಿದ ಪ್ಲಾಸ್ಮಾವನ್ನು ನಿಧಾನವಾಗಿ ಕರಗಿಸಿದರೆ ತಳದಲ್ಲಿ ಉಳಿಯುವ ಗಸಿಯಲ್ಲಿ ಎಂಟನೆಯ ಅಂಶ ದಟ್ಟವಾಗಿರುತ್ತದೆಂದು ತೋರಿಸಿದರು. ಕ್ರಯೋ ಎಂದು ರಕ್ತನಿಧಿಗಳಲ್ಲಿ ಈಗಲೂ ಕರೆಯುವುದು ಅದನ್ನೇ. ತರುವಾಯ ಸಾವಿರಾರು ದಾನಿಗಳ ಪ್ಲಾಸ್ಮಾ ಕೂಡಿಸಿ ಪುಡಿಯ ರೂಪದ ಔಷಧ ಮಾಡಿದರು. 1980ರ ದಶಕದಲ್ಲಿ ಅದೇ ಪುಡಿಯ ಮೂಲಕ ಎಚ್.ಐ.ವಿ. ಮತ್ತು ಯಕೃತ್ತಿನ ಸೋಂಕು ಹರಡಿ, ಜಗತ್ತಿನಾದ್ಯಂತ ಸಾವಿರಾರು ಕುಸುಮ ರೋಗಿಗಳು ತೀರಿಕೊಂಡರು. ಔಷಧವೇ ಕೊಂದ ಆ ಅಧ್ಯಾಯದಿಂದಾಗಿ ಇಂದು ಪ್ಲಾಸ್ಮಾದಿಂದ ಮಾಡುವ ಔಷಧವನ್ನು ವೈರಾಣು ನಾಶಪಡಿಸುವ ಸಂಸ್ಕರಣೆಗೆ ಒಳಪಡಿಸಿಯೇ ಬಾಟಲಿಗೆ ತುಂಬುತ್ತಾರೆ. 1984ರಲ್ಲಿ ಎಂಟನೆಯ ಅಂಶದ ಜೀನ್ ಪತ್ತೆಯಾಗಿ, 1992ರಲ್ಲಿ ರಕ್ತದ ಸೋಂಕಿನ ಭಯವಿಲ್ಲದೆ ಜೀವಕೋಶಗಳಲ್ಲಿ ಬೆಳೆಸಿದ ಔಷಧವೂ ಬಂದಿತು.

ಡೋಸಿನ ಲೆಕ್ಕ ಸರಳ. ಲೆಕ್ಕ ಹಾಕುವುದು ವೈದ್ಯರ ಕೆಲಸವಾದರೂ ಸದಸ್ಯರಿಗೆ ತಿಳಿದಿದ್ದರೆ ದಾಸ್ತಾನಿನ ಮಾತು ಅರ್ಥವಾಗುತ್ತದೆ. ದೇಹದ ಒಂದು ಕಿಲೋ ತೂಕಕ್ಕೆ ಒಂದು ಯೂನಿಟ್ ಕೊಟ್ಟರೆ ರಕ್ತದಲ್ಲಿ ಎಂಟನೆಯ ಅಂಶ ಶೇ. 2ರಷ್ಟು ಏರುತ್ತದೆ. 30 ಕಿಲೋ ತೂಕದ ಬಾಲಕನಲ್ಲಿ ಅದನ್ನು ಶೇ. 40ಕ್ಕೆ ಏರಿಸಬೇಕಾದರೆ ಕಿಲೋಗೆ 20ರಂತೆ 600 ಯೂನಿಟ್ ಬೇಕು. ಬಾಟಲಿಗಳು ಬರುವುದು 250, 500, 1,000 ಯೂನಿಟ್ ಅಳತೆಯಲ್ಲಿ. ಅಂದರೆ "ಒಂದು ಬಾಟಲಿ ಇದೆ, ಬನ್ನಿ" ಎಂಬ ಉತ್ತರ ಸಾಲದು. ಎಷ್ಟು ಯೂನಿಟ್ಟಿನ ಬಾಟಲಿ ಎಂದು ಕೇಳಬೇಕು. ಒಳಹೋದ ಅಂಶ ಸುಮಾರು 12 ಗಂಟೆಗೆ ಅರ್ಧವಾಗುತ್ತದೆ. ಶೇ. 40 ಇದ್ದದ್ದು ಅರ್ಧ ದಿನಕ್ಕೆ 20, ಒಂದು ದಿನಕ್ಕೆ 10, ಎರಡು ದಿನಕ್ಕೆ ಎರಡೂವರೆ. ಆದುದರಿಂದಲೇ ದೊಡ್ಡ ರಕ್ತಸ್ರಾವವಾದಾಗ ಒಂದು ಸೂಜಿ ಸಾಲುವುದಿಲ್ಲ. ರಕ್ತಸ್ರಾವವಾಗದಂತೆ ಮುಂಚಿತವಾಗಿ ಕೊಡುವ ಕ್ರಮದಲ್ಲಿ ವಾರಕ್ಕೆ ಎರಡು ಮೂರು ಬಾರಿ ಕೊಡಬೇಕಾಗುತ್ತದೆ. ನಮ್ಮ ರಾಜ್ಯದಲ್ಲಿ ಜಿಲ್ಲಾ ಆಸ್ಪತ್ರೆಗಳ ಮೂಲಕ ಈ ಔಷಧವನ್ನು ಉಚಿತವಾಗಿ ಒದಗಿಸಲಾಗುತ್ತಿದೆ. ಹೊರಗೆ ಕೊಂಡರೆ ಒಂದು ಸಲದ ಚಿಕಿತ್ಸೆಗೇ ಹಲವು ಸಾವಿರ ರೂಪಾಯಿ ತಗಲುತ್ತದೆ. ದ್ರಾಕ್ಷಿ ತೋಟದ ಕೂಲಿಯಲ್ಲಿ ಅದು ಆಗದ ಮಾತು.

ಇನ್ನೊಂದು ತೊಡಕನ್ನೂ ಹೇಳಬೇಕು. ತೀವ್ರ ರೋಗವಿರುವವರಲ್ಲಿ ನೂರಕ್ಕೆ ಸುಮಾರು ಮೂವತ್ತು ಮಂದಿಯ ದೇಹವು ಹೊರಗಿನಿಂದ ಬಂದ ಎಂಟನೆಯ ಅಂಶವನ್ನು ಶತ್ರುವೆಂದು ಬಗೆದು ಅದರ ವಿರುದ್ಧ ಪ್ರತಿಕಾಯಗಳನ್ನು ಕಟ್ಟಿಕೊಳ್ಳುತ್ತದೆ. ಇದಕ್ಕೆ ಇನ್ಹಿಬಿಟರ್ ಎನ್ನುತ್ತಾರೆ. ಆಗ ಎಷ್ಟು ಬಾಟಲಿ ಕೊಟ್ಟರೂ ರಕ್ತ ನಿಲ್ಲದು, ಬೇರೆಯೇ ಔಷಧ ಬೇಕು. ಎಮಿಸಿಜುಮ್ಯಾಬ್ ಎಂಬ ಹೊಸ ಔಷಧವು ಎಂಟನೆಯ ಅಂಶವಲ್ಲ. ಅದರ ಜಾಗದಲ್ಲಿ ನಿಂತು ಒಂಬತ್ತು ಮತ್ತು ಹತ್ತನೆಯ ಅಂಶಗಳನ್ನು ಕೂಡಿಸುವ ಪ್ರತಿಕಾಯ. ಸುಟ್ಟ ಭಾಗದ ಜಾಗದಲ್ಲಿ ಜಾಣ ಎಲೆಕ್ಟ್ರಿಷಿಯನ್ ಬೇರೊಂದು ತಂತಿ ಎಳೆದು ಮೋಟಾರು ಓಡಿಸಿದಂತೆ. ಇದನ್ನು ನರಕ್ಕಲ್ಲ, ಚರ್ಮದಡಿಗೆ, ವಾರಕ್ಕೊಮ್ಮೆ ಅಥವಾ ಇನ್ನೂ ಅಂತರ ಬಿಟ್ಟು ಕೊಡಬಹುದು. ಅಮೆರಿಕದಲ್ಲಿ 2017ರಲ್ಲಿ ಮಂಜೂರಾದ ಈ ಔಷಧವನ್ನು ನೆರೆಯ ಕೇರಳ ಸರ್ಕಾರ ತನ್ನ ಆಶಾಧಾರಾ ಯೋಜನೆಯಡಿ ಮಕ್ಕಳಿಗೆ ನೀಡುತ್ತಿದೆ. ಇದು ರಕ್ತಸ್ರಾವ ತಡೆಯಲು ಇರುವ ಔಷಧ. ರಕ್ತಸ್ರಾವ ಶುರುವಾದ ಮೇಲೆ ಇದನ್ನೇ ನೆಚ್ಚಿ ಕೂಡುವಂತಿಲ್ಲ.

ಎರಡು ಗಂಟೆ

ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಈ ಭಾಗವನ್ನು ನೆನಪಿಟ್ಟುಕೊಳ್ಳಿ. ಕೀಲಿನಲ್ಲಿ ರಕ್ತ ಶುರುವಾದಾಗ ಸಾಧ್ಯವಾದಷ್ಟು ಬೇಗ, ಆದಷ್ಟು ಎರಡು ಗಂಟೆಯೊಳಗೆ ಔಷಧ ಒಳಹೋಗಬೇಕು. ಊತ ಬರುವ ಮೊದಲೇ ರೋಗಿಗೆ ಗೊತ್ತಾಗುತ್ತದೆ. ಕೀಲಿನಲ್ಲಿ ಜುಮ್ಮೆನ್ನುವ, ಬಿಸಿಯಾದ ಅನುಭವವಾಗುತ್ತದೆ. "ಮೊಣಕಾಲು ಒಂಥರಾ ಆಗ್ತಿದೆ" ಎಂದು ಮಗು ಹೇಳಿದರೆ ಅದನ್ನು ಶಾಲೆ ತಪ್ಪಿಸುವ ನೆಪವೆಂದು ತಿಳಿಯಬಾರದು.

ನಮ್ಮ ಭಾಗದಲ್ಲಿ ಎರಡು ಗಂಟೆ ಎಂದರೆ ಏನೆಂದು ನಿಮಗೆ ಹೇಳಬೇಕಿಲ್ಲ. ರಾಜಾನುಕುಂಟೆಯಿಂದ ಹೊರಟ ವಾಹನ ಯಲಹಂಕ ದಾಟಿ, ಸಂಜೆ ಆರರ ಹೊತ್ತಿಗೆ ಹೆಬ್ಬಾಳದ ಮೇಲ್ಸೇತುವೆಯ ಬುಡಕ್ಕೆ ಬಂದು ನಿಂತರೆ ಗಡಿಯಾರ ಓಡುತ್ತದೆ, ವಾಹನ ಓಡುವುದಿಲ್ಲ. ಹೆಸರಘಟ್ಟದ ಕಡೆಯಿಂದ ಯಶವಂತಪುರದ ಮೂಲಕ ಹೋಗುವವರ ಪಾಡೂ ಅಷ್ಟೆ. ಇಷ್ಟೆಲ್ಲ ದಾಟಿ ಆಸ್ಪತ್ರೆ ಮುಟ್ಟಿದಾಗ ಔಷಧವಿಲ್ಲವೆಂಬ ಉತ್ತರ ಬಂದರೆ ಆ ದಿನ ಕಳೆದಂತೆಯೇ. ಆದುದರಿಂದ ಹೊರಡುವ ಮುನ್ನವೇ ದೂರವಾಣಿ ಮಾಡಿ ದಾಸ್ತಾನು ಖಚಿತಪಡಿಸಿಕೊಳ್ಳಬೇಕು. ಯಾವ ಆಸ್ಪತ್ರೆಯಲ್ಲಿ ಈ ತಿಂಗಳು ಎಂಟನೆಯ ಅಂಶವಿದೆ, ಎಷ್ಟು ಯೂನಿಟ್ ಇದೆ, ರಾತ್ರಿ ಕೊಡುವವರು ಯಾರು ಎಂಬುದನ್ನು ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯಿಂದ ತಿಂಗಳಿಗೊಮ್ಮೆ ಕೇಳಿ ಬರೆದಿಟ್ಟುಕೊಳ್ಳುವುದು ಪಂಚಾಯಿತಿಗೆ ಹೊರೆಯಾಗುವ ಕೆಲಸವಲ್ಲ. ಕೆಲವು ಕುಟುಂಬಗಳಿಗೆ ವೈದ್ಯರು ತರಬೇತಿ ಕೊಟ್ಟು, ಮನೆಯಲ್ಲಿಯೇ ಔಷಧವಿರಿಸಿಕೊಳ್ಳಲು ಅನುಮತಿಸುತ್ತಾರೆ. ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಫ್ರಿಜ್ಜಿನ ಕೆಳ ಅರೆಯಲ್ಲಿ ಇಡಬೇಕು. ಹಿಮಗಟ್ಟುವ ಮೇಲಿನ ಅರೆಯಲ್ಲಿಟ್ಟರೆ ಕೆಡುತ್ತದೆ. ಮನೆಯಲ್ಲಿ ಫ್ರಿಜ್ಜು ಇಲ್ಲದವರಿಗೆ ಉಪಕೇಂದ್ರದಲ್ಲೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಜಾಗ ಸಿಗುವುದೇ ಎಂದು ವೈದ್ಯಾಧಿಕಾರಿಗಳನ್ನು ಕೇಳಬಹುದು.

ದಾರಿಯಲ್ಲಿರುವಾಗ ಮಾಡಬೇಕಾದದ್ದು ಕಡಿಮೆ. ಕೀಲನ್ನು ಅಲುಗಾಡಿಸದೆ ಎತ್ತರಿಸಿ ಇಡುವುದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ಹದಿನೈದು ನಿಮಿಷ ಒತ್ತುವುದು, ಹಗುರವಾಗಿ ಪಟ್ಟಿ ಸುತ್ತುವುದು. ಮಾಡಬಾರದ್ದು ಹೆಚ್ಚು. ನೀವಬಾರದು, ಎಳೆದು ಕಟ್ಟಬಾರದು, ಬಿಸಿ ಶಾಖ ಕೊಡಬಾರದು. ನೋವಿಗೆ ಆಸ್ಪಿರಿನ್, ಬ್ರೂಫೆನ್, ಡೈಕ್ಲೋಫೆನಾಕ್ ಜಾತಿಯ ಮಾತ್ರೆ ಕೊಡಬಾರದು. ಇವು ಪ್ಲೇಟ್‌ಲೆಟ್‌ಗಳನ್ನೂ ಕೆಲಸಗೆಡಿಸುತ್ತವೆ, ಇದ್ದ ಮರಳಿನ ಚೀಲವೂ ಹೋಗುತ್ತದೆ. ಪ್ಯಾರಾಸಿಟಮಾಲ್ ಆಗಬಹುದು. ಸೊಂಟಕ್ಕೆ, ತೋಳಿಗೆ ಚುಚ್ಚುವ ಸೂಜಿ ಬೇಡ. ಮಾಂಸಖಂಡದೊಳಗೆ ರಕ್ತ ಸುರಿಯುತ್ತದೆ. ಹಾಗೆಂದು ಲಸಿಕೆ ತಪ್ಪಿಸಬಾರದು. ಸಣ್ಣ ಸೂಜಿಯಿಂದ, ಸಾಧ್ಯವಿರುವಾಗ ಚರ್ಮದಡಿಗೆ ಕೊಟ್ಟು ಹತ್ತು ನಿಮಿಷ ಒತ್ತಿ ಹಿಡಿಯುವ ಕ್ರಮವಿದೆ. ಹಲ್ಲು ಕೀಳಿಸುವುದು, ಸುನ್ನತಿ ಮುಂತಾದವನ್ನು ವೈದ್ಯರೊಂದಿಗೆ ಮೊದಲೇ ಮಾತನಾಡಿ, ಔಷಧ ಕೈಯಲ್ಲಿದ್ದಾಗ ಮಾತ್ರ ಮಾಡಿಸಬೇಕು. ತಲೆಗೆ ಪೆಟ್ಟಾದರೆ, ರೋಗಿ ಚೆನ್ನಾಗಿ ಮಾತನಾಡುತ್ತಿದ್ದರೂ, ಮೊದಲು ಎಂಟನೆಯ ಅಂಶ, ಬಳಿಕ ಸ್ಕ್ಯಾನ್. ಈ ಕ್ರಮ ಹಿಂದುಮುಂದಾದರೆ ಪ್ರಾಣಕ್ಕೆ ಕುತ್ತು.

ತಾಯಿಯ ತಪ್ಪಲ್ಲ

ಎಂಟನೆಯ ಅಂಶದ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಹೆಣ್ಣಿಗೆ ಎರಡು ಎಕ್ಸ್ ಇರುವುದರಿಂದ ಒಂದು ಕೆಟ್ಟರೆ ಇನ್ನೊಂದು ಸಾಮಾನ್ಯವಾಗಿ ಕಾಯುತ್ತದೆ; ಗಂಡಿಗೆ ಇರುವುದೇ ಒಂದು. ಹೀಗಾಗಿ ತಾಯಿ ವಾಹಕಿಯಾಗಿದ್ದರೆ ಪ್ರತಿಯೊಬ್ಬ ಮಗನಿಗೂ ರೋಗ ಬರುವ ಸಾಧ್ಯತೆ ಅರ್ಧ, ಪ್ರತಿಯೊಬ್ಬ ಮಗಳೂ ವಾಹಕಿಯಾಗುವ ಸಾಧ್ಯತೆ ಅರ್ಧ. ರೋಗವಿರುವ ತಂದೆಯಿಂದ ಗಂಡು ಮಕ್ಕಳಿಗೆ ರೋಗ ಬರುವುದಿಲ್ಲ; ಹೆಣ್ಣು ಮಕ್ಕಳೆಲ್ಲರೂ ವಾಹಕಿಯರಾಗುತ್ತಾರೆ. ಇದನ್ನು ಅರ್ಧ ತಿಳಿದವರು ಸೊಸೆಯನ್ನು ದೂರುತ್ತಾರೆ, "ನಿನ್ನ ತವರಿನ ರಕ್ತ" ಎನ್ನುತ್ತಾರೆ. ಸುಮಾರು ಮೂರನೆಯ ಒಂದು ಭಾಗದಷ್ಟು ಪ್ರಕರಣಗಳಲ್ಲಿ ಕುಟುಂಬದಲ್ಲಿ ಹಿಂದೆ ಯಾರಿಗೂ ಈ ರೋಗವಿರಲಿಲ್ಲ. ಜೀನಿನಲ್ಲಿ ಹೊಸದಾಗಿ ಆದ ಬದಲಾವಣೆ ಅದು. ಬ್ರಿಟನ್ನಿನ ವಿಕ್ಟೋರಿಯಾ ರಾಣಿಯೇ ವಾಹಕಿಯಾಗಿದ್ದರು. ಅವರ ಮಗ ಲಿಯೋಪೋಲ್ಡ್‌ಗೆ ಈ ರೋಗವಿತ್ತು, ಮೊಮ್ಮಗಳ ಮೂಲಕ ಅದು ರಷ್ಯಾದ ಅರಮನೆಯನ್ನೂ ಸೇರಿತು. ಕೃಷ್ಣರಾಜೇಂದ್ರ ಮಾರುಕಟ್ಟೆಯ ಬಳಿ 1900ರಲ್ಲಿ ತೆರೆದ ನಮ್ಮ ವಿಕ್ಟೋರಿಯಾ ಆಸ್ಪತ್ರೆ ಹೊತ್ತಿರುವುದು ಆ ರಾಣಿಯ ಹೆಸರನ್ನೇ.

ಸೋದರ ಸಂಬಂಧದ ಮದುವೆಯಿಂದ ಕುಸುಮ ರೋಗ ಹುಟ್ಟುತ್ತದೆಂಬುದು ನಿಜವಲ್ಲ. ಆದರೆ ನಮ್ಮ ಕಡೆಯ ಒಂದು ಪದ್ಧತಿಯ ಬಗ್ಗೆ ಎಚ್ಚರ ಬೇಕು. ತಾಯಿಯಿಂದ ರೋಗ ಪಡೆದ ಗಂಡು ತನ್ನ ಅಕ್ಕನ ಮಗಳನ್ನು ಮದುವೆಯಾದರೆ ಲೆಕ್ಕ ಹೀಗಿದೆ: ಅಕ್ಕ ವಾಹಕಿಯಾಗಿರುವ ಸಾಧ್ಯತೆ ಅರ್ಧ, ಅವಳ ಮಗಳು ವಾಹಕಿಯಾಗಿರುವ ಸಾಧ್ಯತೆ ಕಾಲು. ಹಾಗಿದ್ದ ಪಕ್ಷದಲ್ಲಿ ಹುಟ್ಟುವ ಹೆಣ್ಣು ಮಕ್ಕಳಿಗೂ ರೋಗ ಬರಬಹುದು. ಮದುವೆ ನಿಲ್ಲಿಸುವುದು ಪಂಚಾಯಿತಿಯ ಕೆಲಸವಲ್ಲ. ಪರೀಕ್ಷೆ ಇದೆಯೆಂದು ತಿಳಿಸುವುದು ನಮ್ಮ ಕೆಲಸ. ವಾಹಕಿಯರಲ್ಲಿಯೂ ಕೆಲವರಿಗೆ ಅಂಶ ಕಡಿಮೆಯಿದ್ದು, ಮುಟ್ಟಿನಲ್ಲಿ, ಹೆರಿಗೆಯಲ್ಲಿ ಅತಿಯಾದ ಸ್ರಾವವಾಗುತ್ತದೆ. ಇದನ್ನು ಆಶಾ ಕಾರ್ಯಕರ್ತೆಯರು ಕೇಳಿ ತಿಳಿಯಬಲ್ಲರು, ನಾವು ಗಂಡಸರು ಕೇಳಿದರೆ ಉತ್ತರ ಬಾರದು.

ಜಿ.ಕೆ.ವಿ.ಕೆ. ಆವರಣದಿಂದ ಒಂದು ಸುದ್ದಿ

ಹೆಬ್ಬಾಳದಿಂದ ಯಲಹಂಕಕ್ಕೆ ಹೋಗುವ ಬಳ್ಳಾರಿ ರಸ್ತೆಯಲ್ಲಿ ಕೃಷಿ ವಿಶ್ವವಿದ್ಯಾಲಯದ ಆವರಣವನ್ನು ನಾವು ಕೃಷಿ ಮೇಳಕ್ಕಾಗಿ ಬಲ್ಲೆವು. ಅದೇ ಆವರಣದಲ್ಲಿ ಇನ್‌ಸ್ಟೆಮ್ ಎಂಬ ಕಾಂಡಕೋಶ ಸಂಶೋಧನಾ ಸಂಸ್ಥೆಯಿದೆ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿರುವ ಕಾಂಡಕೋಶ ಕೇಂದ್ರ ಇದರದೇ ಘಟಕ. ಅಲ್ಲಿ ಡಾ. ಅಲೋಕ್ ಶ್ರೀವಾಸ್ತವ ಅವರ ತಂಡವು ಅಮೆರಿಕದ ಎಮೋರಿ ವಿಶ್ವವಿದ್ಯಾಲಯದ ಜೊತೆಗೂಡಿ, ತೀವ್ರ ಹಿಮೋಫಿಲಿಯಾ ಎ ಇರುವ ಐವರಿಗೆ ಜೀನ್ ಚಿಕಿತ್ಸೆ ನೀಡಿತು. ರೋಗಿಯ ರಕ್ತದಿಂದಲೇ ಕಾಂಡಕೋಶಗಳನ್ನು ತೆಗೆದು, ನಿರುಪದ್ರವಿಯಾಗಿಸಿದ ವೈರಾಣುವಿನ ಮೂಲಕ ಎಂಟನೆಯ ಅಂಶದ ಜೀನನ್ನು ಸೇರಿಸಿ, ಮರಳಿ ದೇಹಕ್ಕೆ ಕೊಡುವ ಕ್ರಮವದು. 2024ರ ಡಿಸೆಂಬರ್‌ನಲ್ಲಿ ಪ್ರಕಟವಾದ ವರದಿಯಂತೆ, ಚಿಕಿತ್ಸೆಯ ಬಳಿಕ ಐವರನ್ನೂ ಕೂಡಿಸಿ ಗಮನಿಸಿದ 81 ತಿಂಗಳ ಅವಧಿಯಲ್ಲಿ ಒಬ್ಬರಿಗೂ ರಕ್ತಸ್ರಾವವಾಗಲಿಲ್ಲ.

ಇದು ದೊಡ್ಡ ಸುದ್ದಿ. ಆದರೂ ಯಾವ ತಾಯಿಗೂ ಇದನ್ನು ಭರವಸೆಯಾಗಿ ಕೊಡಬೇಡಿರಿ ಎಂದು ವಿನಂತಿಸುತ್ತೇನೆ. ಐವರೂ 22ರಿಂದ 41 ವರ್ಷದೊಳಗಿನ ವಯಸ್ಕರು. ಚಿಕಿತ್ಸೆಗೆ ಮುನ್ನ ಅವರು ಕೀಮೊಥೆರಪಿಯನ್ನು ತಾಳಬೇಕಾಯಿತು. ಹನ್ನೊಂದು ವರ್ಷದ ಬಾಲಕನ ಮೊಣಕಾಲಿಗೆ ಇವತ್ತಿನ ರಾತ್ರಿ ಬೇಕಾಗಿರುವುದು 600 ಯೂನಿಟ್.

ಕಾನೂನು ಮತ್ತು ನಮ್ಮ ವಹಿ

1995ರ ಕಾಯ್ದೆಯಲ್ಲಿ ಅಂಗವಿಕಲತೆಯ ವಿಧಗಳು ಏಳೇ ಇದ್ದವು. ವಿಕಲಚೇತನರ ಹಕ್ಕುಗಳ ಕಾಯ್ದೆ, 2016 ಅವುಗಳನ್ನು 21ಕ್ಕೆ ಏರಿಸಿತು. ಅದರ ಅನುಸೂಚಿಯಲ್ಲಿ ಹಿಮೋಫಿಲಿಯಾ, ಥಲಸ್ಸೇಮಿಯಾ, ಕುಡಗೋಲು ಕಣ ರೋಗ ಎಂಬ ಮೂರು ರಕ್ತದ ಕಾಯಿಲೆಗಳಿವೆ. ನಾನು ಆ ಷರಾ ಬರೆದ ದಿನ ಈ ಕಾಯ್ದೆ ಜಾರಿಯಲ್ಲಿತ್ತು, ನಮ್ಮ ಕಚೇರಿಯ ಕಪಾಟಿನಲ್ಲಿಯೂ ಇತ್ತು. "ಮೇಲ್ನೋಟಕ್ಕೆ" ಎಂಬ ಪದಕ್ಕೆ ಅದರಲ್ಲಿ ಯಾವ ಸ್ಥಾನವೂ ಇಲ್ಲ. ಅಂಗವೈಕಲ್ಯದ ಪ್ರಮಾಣವನ್ನು ನಿರ್ಧರಿಸುವುದು ವೈದ್ಯಕೀಯ ಪ್ರಾಧಿಕಾರ, ಪಂಚಾಯಿತಿಯಲ್ಲ. ಸ್ವಾವಲಂಬನ್ ಜಾಲತಾಣದಲ್ಲಿ ಯು.ಡಿ.ಐ.ಡಿ. ಗುರುತಿನ ಚೀಟಿಗೆ ಅರ್ಜಿ ಹಾಕಿಸುವುದಷ್ಟೇ ನಮ್ಮ ಪಾಲಿನದು. ಒಂದು ಕೊರತೆಯನ್ನೂ ತಿಳಿದಿರಬೇಕು: ಅದೇ ಕಾಯ್ದೆಯ 34ನೆಯ ಪ್ರಕರಣದ ಉದ್ಯೋಗ ಮೀಸಲಾತಿಯ ಪಟ್ಟಿಯಲ್ಲಿ ರಕ್ತದ ಕಾಯಿಲೆಗಳ ಹೆಸರಿಲ್ಲ. ಕೀಲು ಕೆಟ್ಟು ಚಲನೆಯ ವೈಕಲ್ಯ ಬಂದವರು ಮಾತ್ರ ಆ ಬಾಬಿನಲ್ಲಿ ಕೇಳಬಹುದು. ಅಂದರೆ ಕಾಲು ಕಾಪಾಡಿಕೊಂಡವನಿಗೆ ಮೀಸಲಾತಿಯಿಲ್ಲ. ಇದು ನನಗೆ ನ್ಯಾಯವೆಂದು ತೋರುವುದಿಲ್ಲ.

ಪ್ರತಿ ಪಂಚಾಯಿತಿಯಲ್ಲಿಯೂ ವಿ.ಆರ್.ಡಬ್ಲ್ಯು. ಎಂದು ನಾವು ಕರೆಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರ ಸಮೀಕ್ಷೆಯಲ್ಲಿ "ರಕ್ತದ ಕಾಯಿಲೆ" ಎಂಬ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವ ರೂಢಿ ಇನ್ನೂ ಬಂದಿಲ್ಲ. ಗಣಿತದ ಪ್ರಕಾರ ಹತ್ತು ಸಾವಿರ ಜನಸಂಖ್ಯೆಗೆ ಒಬ್ಬರಾದರೂ ಇರುವ ಸಂಭವವಿದೆ. ದೇಶದಲ್ಲಿ ಇದುವರೆಗೆ ಗುರುತಿಸಲ್ಪಟ್ಟವರು ಇರಬೇಕಾದ ಸಂಖ್ಯೆಗಿಂತ ಬಹಳ ಕಡಿಮೆ. ಉಳಿದವರು ಇಲ್ಲವೆಂದಲ್ಲ, ಯಾರೂ ಕೇಳಿಲ್ಲ. ಅಂಬೆಗಾಲಿಡುವ ಮಗುವಿನ ಮೈಮೇಲೆ ಕಾರಣವಿಲ್ಲದ ಕಂದು ಗಂಟುಗಳು, ಹಾಲು ಹಲ್ಲು ಬಿದ್ದಾಗ ದಿನವಿಡೀ ಒಸರಿದ ರಕ್ತ, ಪೆಟ್ಟಿಲ್ಲದೆ ಊದುವ ಮೊಣಕಾಲು, ಚಿಕ್ಕಂದಿನಲ್ಲೇ "ರಕ್ತ ನಿಲ್ಲದೆ" ತೀರಿಕೊಂಡ ಸೋದರಮಾವ: ಇಂತಹ ಮಾತು ಕೇಳಿಬಂದ ಮನೆಯ ಮಗುವನ್ನು ಅಂಗನವಾಡಿ ಮತ್ತು ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡಕ್ಕೆ ತೋರಿಸಿ, ಹೆಪ್ಪುಗಟ್ಟುವ ಅವಧಿಯ ಪರೀಕ್ಷೆಗೆ ಕಳುಹಿಸಬಹುದು.

ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ವಿಕಲಚೇತನರಿಗೆ ಮೀಸಲಾದ ಶೇ. 5ರ ನಿಧಿಯನ್ನು ತ್ರಿಚಕ್ರ ವಾಹನಕ್ಕೂ ಶ್ರವಣ ಸಾಧನಕ್ಕೂ ವೆಚ್ಚ ಮಾಡಿ ರೂಢಿಯಾಗಿದೆ. ಕುಸುಮ ರೋಗವಿರುವವರ ಕುಟುಂಬಕ್ಕೆ ವೈದ್ಯಕೀಯ ನೆರವನ್ನು ನಿಯಮಗಳಿಗೊಳಪಟ್ಟು ಕ್ರಿಯಾ ಯೋಜನೆಯಲ್ಲಿ ಸೇರಿಸುವಂತೆ ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯಲ್ಲಿ ಪ್ರಸ್ತಾಪಿಸಲು ಅವಕಾಶವಿದೆ. ಆದರೆ ಫಲಾನುಭವಿಗಳ ಪಟ್ಟಿಯನ್ನು ಗ್ರಾಮ ಸಭೆಯಲ್ಲಿ ಓದುವಾಗ ರೋಗದ ಹೆಸರು ಓದಬೇಡಿರಿ. ಮನೆಯಲ್ಲಿ ಮದುವೆಗೆ ಬಂದ ಅಕ್ಕತಂಗಿಯರಿರುತ್ತಾರೆ. ರೋಗ ಬಚ್ಚಿಡುವ ಕುಟುಂಬವನ್ನು ನಾವು ದೂರುತ್ತೇವೆ; ಬಚ್ಚಿಡುವಂತೆ ಮಾಡಿದವರಲ್ಲಿ ನಾವೂ ಇರುತ್ತೇವೆ.

ನೆರವು ಕೇಳಲು ಆಸ್ಪತ್ರೆಯೊಂದೇ ದಾರಿಯಲ್ಲ. ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿದ ಡಾ. ಸುರೇಶ್ ಹನಗವಾಡಿ ಅವರು ಸ್ವತಃ ಈ ಕಾಯಿಲೆಯೊಂದಿಗೆ ಬೆಳೆದವರು, ರೋಗಶಾಸ್ತ್ರದ ಪ್ರಾಧ್ಯಾಪಕರಾದವರು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿಯೂ ಈ ಕಾಯಿಲೆಗೆಂದೇ ಚಿಕಿತ್ಸೆಯ ವ್ಯವಸ್ಥೆಯಿದೆ. ಮಗನನ್ನು ಹೊರಗೆ ಬಿಡಲು ಹೆದರುವ ತಂದೆತಾಯಿಗೆ, ಈ ಕಾಯಿಲೆಯಿದ್ದೂ ವೈದ್ಯರಾದ ಒಬ್ಬರ ವಿಷಯ ಹೇಳಿದರೆ ನಮ್ಮ ಹತ್ತು ಕರಪತ್ರಗಳಿಗಿಂತ ಹೆಚ್ಚು ಕೆಲಸವಾಗುತ್ತದೆ. ಇಂತಹ ಮಕ್ಕಳು ಶಾಲೆಗೆ ಹೋಗಬೇಕು, ಈಜಬೇಕು, ನಡೆಯಬೇಕು. ಮಾಂಸಖಂಡ ಬಲವಾಗಿದ್ದರೆ ಕೀಲಿಗೆ ಕಾವಲು. ಕಬಡ್ಡಿಯಂತಹ ಆಟ ಬೇಡ.

ಏಪ್ರಿಲ್ 17 ವಿಶ್ವ ಹಿಮೋಫಿಲಿಯಾ ದಿನ. ಅದು ವಿಶ್ವ ಹಿಮೋಫಿಲಿಯಾ ಒಕ್ಕೂಟವನ್ನು 1963ರಲ್ಲಿ ಸ್ಥಾಪಿಸಿದ, ಸ್ವತಃ ರೋಗಿಯಾಗಿದ್ದ ಫ್ರಾಂಕ್ ಶ್ನಾಬೆಲ್ ಅವರ ಜನ್ಮದಿನ. ಅಂದು ಬ್ಯಾನರ್ ಕಟ್ಟುವ ಬದಲು ಒಂದು ಸಣ್ಣ ಕೆಲಸ ಮಾಡಬಹುದು. 108ರ ಆಂಬ್ಯುಲೆನ್ಸ್ ಸಾಮಾನ್ಯವಾಗಿ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯುತ್ತದೆ. ಹತ್ತಿರದ ಆಸ್ಪತ್ರೆಯಲ್ಲಿ ಎಂಟನೆಯ ಅಂಶ ಇರಲೇಬೇಕೆಂದಿಲ್ಲ. ರೋಗಿಯ ಮನೆಯಲ್ಲಿ, ಶಾಲೆಯ ಮುಖ್ಯೋಪಾಧ್ಯಾಯರ ಬಳಿ ಮತ್ತು ವಿ.ಆರ್.ಡಬ್ಲ್ಯು. ಅವರ ಬಳಿ ಒಂದು ಚೀಟಿ ಇರಲಿ: ರೋಗದ ವಿಧ ಎ ಅಥವಾ ಬಿ, ತೀವ್ರತೆ, ತೂಕ, ಇನ್ಹಿಬಿಟರ್ ಇದೆಯೋ ಇಲ್ಲವೋ, ಔಷಧವಿರುವ ಆಸ್ಪತ್ರೆಯ ಹೆಸರು ಮತ್ತು ದೂರವಾಣಿ ಸಂಖ್ಯೆ. ಆ ಬಾಲಕನಿಗೆ ಗುರುತಿನ ಚೀಟಿ ದೊರೆತ ಮೇಲೆ ಅವನ ತಾಯಿ ಇದನ್ನು ಬರೆಸಿ ಅವನ ಶಾಲಾ ಚೀಲದ ಒಳಗಡೆ ಹೊಲಿದಿದ್ದಾರೆ. ತೂಕದ ಅಂಕಿಯನ್ನು ಮಾತ್ರ ಪೆನ್ಸಿಲಿನಲ್ಲಿ ಬರೆಸಿದ್ದಾರೆ, ಹುಡುಗ ಬೆಳೆಯುತ್ತಿದ್ದಾನೆಂದು.